ದುರಗವ್ವನ ಮುಂಗೈ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಾಲ್ಕು ಜನ ಬಿಳಿ ಅಂಗಿಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ, ನಮ್ಮೂರ ಮರ್ಯಾದೆ ಕಳೆದೆ ಅಂತ. ಮರ್ಯಾದೆ ಇದ್ದವರದು ಕಳೆಯಲಿ ಬಿಡಿ. ಮುಂಡರಗಿಯಿಂದ ಡೋಣಿಯ ಕಡೆ ಹೋಗುವ ಹಾದಿಯಲ್ಲಿ, ಕಪ್ಪತಗುಡ್ಡ ಕಣ್ಣಿಗೆ ಬೀಳುವ ಊರುಗಳಲ್ಲಿ ಅದೂ ಒಂದು ಅಂತ ತಿಳಿದುಕೊಳ್ಳಿ, ಸಾಕು.

ಆ ಊರಿನ ಹೈಸ್ಕೂಲಿನಲ್ಲಿ ಒಂದು ಅಸ್ಥಿಪಂಜರ ಇದೆ. ಗಾಜಿನ ಕಪಾಟಿನಲ್ಲಿ ನೇತಾಡುತ್ತದೆ. ಬಲಗಡೆಯ ಮುಂಗೈ ಮಾತ್ರ ಕಟ್ಟಿಗೆಯದು. ಬಡಿಗೇರ ಕೆತ್ತಿ ಸುಣ್ಣ ಬಳಿದದ್ದು. ಮಕ್ಕಳು ಕೇಳಿದರೆ ಮಾಸ್ತರರು ಇಲಿ ಕಡಿಯಿತು ಅಂತ ಹೇಳುತ್ತಾರೆ. ಇಲಿ ಕಡಿದಿಲ್ಲ. ಅದಕ್ಕೇ ಈ ಕಥೆ.

ಅಂದಪ್ಪ ಹೊಲಗೇರಿಯವನು. ಊರಿಗೆಲ್ಲ ಕುಣಿ ತೋಡುವ ಕೆಲಸ ಅವನಿಗೆ ಅಜ್ಜನಿಂದ ಬಂದದ್ದು. ಹೂಳುವ ಜಾತಿಯವರ ಮನೆಯಲ್ಲಿ ಯಾರು ಸತ್ತರೂ ಮೊದಲು ಕರೆ ಬರುವುದು ಅವನಿಗೆ. ಉಣ್ಣುತ್ತಿದ್ದರೂ ಎದ್ದು ಗುದ್ದಲಿ, ಸಲಿಕೆ, ಹಾರೆ ಹೆಗಲಿಗೆ ಹಾಕಿಕೊಂಡು ಹೋಗಬೇಕು. ಎರೆನೆಲ. ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಎದೆಮಟ ತೋಡಿ, ಮೇಲೆ ಬಂದು, ದೂರ ನಿಲ್ಲಬೇಕು. ಅವನು ತೋಡಿದ ಕುಣಿಗೆ ಗೋಮೂತ್ರ ಚಿಮುಕಿಸಿ ಆಮೇಲೆ ಹೆಣ ಇಳಿಸುತ್ತಿದ್ದರು. ಅವನು ಮುಟ್ಟಿದ ಮಣ್ಣಲ್ಲವೇ! ಹೆಣಕ್ಕೂ ಮೈಲಿಗೆ ಆಗುತ್ತದೆ ಅಂತ ಈ ಊರಿನಲ್ಲಿಯೇ ನಾನು ಕೇಳಿದ್ದು. ಅವನ ಬೆನ್ನು ನಲವತ್ತಕ್ಕೇ ಬಾಗಿತ್ತು. ಅಂಗೈ ದಪ್ಪಗಾಗಿ, ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಹುಲಿಗೆವ್ವ. ತಾಯಿ ದುರಗವ್ವ ಸತ್ತು ಆರು ವರ್ಷವಾಗಿತ್ತು. ಹುಡುಗಿ ಕೇರಿಯ ಶಾಲೆಯಲ್ಲಿ ಓದಿ ಏಳನೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಹೊಲಗೇರಿಯಲ್ಲಿ ಮುಲ್ಕಿ ಪಾಸಾದ ಗಂಡಸೂ ಇರಲಿಲ್ಲ. ಎಂಟನೆಯ ಇಯತ್ತೆಗೆ ಹೈಸ್ಕೂಲಿಗೆ ಹೋಗಬೇಕು ಅನ್ನುವುದು ಅವಳ ಆಸೆ. ಅಂದಪ್ಪನಿಗೆ ಬೇರೆ ಆಸೆ ಯಾವುದೂ ಉಳಿದಿರಲಿಲ್ಲವಾದ್ದರಿಂದ ಇದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಹೈಸ್ಕೂಲಿನ ಚೇರ್ಮನ್ ಪುಂಡಲೀಕಪ್ಪ ಸಾವಕಾರ. ಅಂದಪ್ಪ ಅವನ ಅಂಗಳದಾಚೆ ನಿಂತು ಕೈಮುಗಿದು ಕೇಳಿದ. ಬೆಂಚು ಇಲ್ಲ ಅಂದ ಸಾವಕಾರ. ನೆಲದ ಮೇಲೆ ಕುಂಡ್ರುತ್ತಾಳೆ ಅಂದ ಅಂದಪ್ಪ. ನೆಲವೂ ಇಲ್ಲ ಅಂದ ಸಾವಕಾರ. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಹುಡುಗಿ ಕೂರುವಷ್ಟು ನೆಲ ಇರಲಿಲ್ಲವಂತೆ. ಮುಟ್ಟಬಾರದು ಅನ್ನುವವರಿಗೆ ಶಿಕ್ಷೆ ಅಂತ ಹಿಂದಿನ ವರ್ಷವೇ ಕಾಯ್ದೆ ಬಂದಿತ್ತು. ಬಂದಿತ್ತು ಅಂದರೆ ದಿಲ್ಲಿಯಿಂದ ಹೊರಟಿತ್ತು. ಕಪ್ಪತಗುಡ್ಡ ದಾಟಿ ಈಚೆ ಬಂದಿರಲಿಲ್ಲ.

ಆಗ ನಡುವೆ ಬಂದವರು ರಾಮಚಂದ್ರ ಮಾಸ್ತರರು. ಧಾರವಾಡದ ಕಡೆಯವರು. ಖಾದಿ ತೊಡುತ್ತಿದ್ದರು. ಹೊಲಗೇರಿಯವರನ್ನು ಕಂಡರೆ ನಕ್ಕು ಮಾತಾಡಿಸುತ್ತಿದ್ದರು. ಒಳ್ಳೆಯ ಮನುಷ್ಯ. ಇಂಥವರ ಬಗ್ಗೆ ಹೇಳುವುದೇ ಕಷ್ಟ ನೋಡಿ. ಕೆಟ್ಟವನಾದರೆ ನಾಲ್ಕು ಬೈದು ಮುಗಿಸಬಹುದು.

ಆ ವರ್ಷ, ಐವತ್ತಾರರಲ್ಲಿ, ಎಂಟನೆಯ ಇಯತ್ತೆಗೆ ಜೀವಶಾಸ್ತ್ರ ಹೊಸದಾಗಿ ಶುರುವಾಗಿತ್ತು. ಮಾಸ್ತರರಿಗೆ ಅದರ ಹುಚ್ಚು. ಗಿಡ, ಕಪ್ಪೆ, ಮನುಷ್ಯನ ಮೈ, ಎಲ್ಲವನ್ನೂ ಕಣ್ಣಾರೆ ತೋರಿಸಿ ಕಲಿಸಬೇಕು ಅನ್ನುವವರು. ಒಂದು ಕೋಣೆ ಸಿಕ್ಕಿತು, ಧಾರವಾಡದಿಂದ ಒಂದು ಹಳೆಯ ಸೂಕ್ಷ್ಮದರ್ಶಕ ಸಿಕ್ಕಿತು. ಅಸ್ಥಿಪಂಜರ ಸಿಗಲಿಲ್ಲ. ಕಲ್ಕತ್ತೆಯಿಂದ ತರಿಸಬೇಕು, ಸಾವಕಾರ ಅಷ್ಟಕ್ಕೆಲ್ಲ ಕೈ ಬಿಚ್ಚುವವನಲ್ಲ. ನವೆಂಬರ್ ಒಂದಕ್ಕೆ ಕನ್ನಡನಾಡು ಒಂದಾಗುತ್ತದೆ, ಅವತ್ತೇ ದೊಡ್ಡ ಸಾಹೇಬರನ್ನು ಕರೆಸಿ ಕೋಣೆ ತೆರೆಸಬೇಕು ಅಂತ ಮಾತ್ರ ಅವನ ಹಟ.

ಮಾಸ್ತರರು ಯೋಚಿಸಿದರು. ತಮ್ಮ ಜನ ಸುಡುವವರು. ಅವರಲ್ಲಿ ಸತ್ತವನು ಬೂದಿ. ಸಾವಕಾರನ ಜನ ಹೂಳುತ್ತಾರೆ. ಆದರೆ ಅವರ ಸಮಾಧಿಗೆ ಗುದ್ದಲಿ ಹಾಕಿದವನ ಕೈ ಮೈಮೇಲೆ ಉಳಿಯದು. ಮುಸಲ್ಮಾನರ ಖಬರಸ್ತಾನಕ್ಕೆ ಹೋದರೆ ಊರೇ ಹೊತ್ತಿಕೊಳ್ಳುತ್ತದೆ. ಹೀಗೆ ಒಂದೊಂದೇ ಜಾತಿ ಬಿಡುತ್ತ ಬಿಡುತ್ತ ಕೊನೆಗೆ ಯೋಚನೆ ಎಲ್ಲಿ ಬಂದು ನಿಂತಿತು ಅಂತ ಬೇರೆ ಹೇಳಬೇಕಿಲ್ಲ.

ಅಂದಪ್ಪನನ್ನು ಶಾಲೆಯ ಹಿಂದಿನ ದನದ ಕೊಟ್ಟಿಗೆಯ ಹತ್ತಿರ ಕರೆಸಿ ಮಾಸ್ತರರು ಮೆಲ್ಲಗೆ ಹೇಳಿದರು.

"ನಿಮ್ಮ ಕೇರಿ ಪೈಕಿ ಯಾರೂ ಬ್ಯಾಡ ಅಂದಪ್ಪಾ. ಹಿಂದ ಚಾವಡ್ಯಾಗ ಒಬ್ಬ ಪರದೇಶಿ ಸತ್ತಿದ್ನಲ್ಲ, ಹಿಂದಮುಂದ ಯಾರೂ ಇಲ್ಲದಾಂವ, ಅವಂದು ತಾ. ಮಕ್ಕಳ ವಿದ್ಯಾಕ್ಕ ಆಗ್ತದ, ಪಾಪ ಅಲ್ಲ. ಎಲುಬು ಪೂರಾ ಬಂದ್ರ ನಿನ್ನ ಮಗಳು ಒಳಗ ಕೂಡ್ತಾಳ. ಚೇರ್ಮನ್ನರು ಒಪ್ಪ್ಯಾರ."

ಅಂದಪ್ಪ ತಲೆ ತುರಿಸಿಕೊಂಡ. ಹೂಳಿದ್ದನ್ನು ತೆಗೆಯುವುದು ಅವನ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಆದರೂ ಹೂಂ ಅಂದ.

ಹೊಲಗೇರಿಯ ಹೆಣಗಳಿಗೆ ಇದ್ದದ್ದು ಹಳ್ಳದ ದಂಡೆಯ ಒಂದು ಪಟ್ಟಿ. ಒಂದು ಮಗ್ಗುಲಿಗೆ ಹಳ್ಳ, ಇನ್ನೊಂದು ಮಗ್ಗುಲಿಗೆ ಪುಂಡಲೀಕಪ್ಪನ ಉಳ್ಳಾಗಡ್ಡಿ ಹೊಲ. ಹಳ್ಳ ಮಳೆ ಮಳೆಗೂ ಒಂದಿಷ್ಟು ದಂಡೆ ತಿನ್ನುತ್ತಿತ್ತು. ಸಾವಕಾರನ ನೇಗಿಲು ಹಂಗಾಮು ಹಂಗಾಮಿಗೂ ಒಂದು ಸಾಲು ತಿನ್ನುತ್ತಿತ್ತು. ಹಳ್ಳವಾದರೂ ಬೇಸಿಗೆಯಲ್ಲಿ ತಿನ್ನುವುದು ನಿಲ್ಲಿಸುತ್ತದೆ. ಹೀಗಾಗಿ ಸತ್ತವರಿಗೆ ಜಾಗ ಸಾಲದೆ ಒಂದೇ ಕುಣಿಯಲ್ಲಿ ಇಬ್ಬರು ಮೂವರು ಮಲಗುತ್ತಿದ್ದರು. ಹಳೆಯ ಎಲುಬು ಮಗ್ಗುಲಿಗೆ ಸರಿಸಿ ಹೊಸ ಹೆಣ ಇಡುವುದು ಅಂದಪ್ಪನಿಗೆ ರೂಢಿ. ಯಾರ ಪಕ್ಕ ಯಾರು ಇದ್ದಾರೆ ಅನ್ನುವುದು ಅವನ ತಲೆಯಲ್ಲಿಯೇ ಇತ್ತು.

ಜಾತಿ ತಿಳಿಯದ ಪರದೇಶಿಯನ್ನೂ ಅಲ್ಲಿಯೇ ಹೂಳಿದ್ದರು, ಹಳ್ಳದ ಅಂಚಿಗೆ. ಅಂದಪ್ಪ ಒಬ್ಬನೇ ತೋಡಿದ. ಸಲಿಕೆ ಇಟ್ಟು ಬೆರಳಿನಿಂದ ಮಣ್ಣು ಕೆದರಿದ. ತಲೆಬುರುಡೆ, ಪಕ್ಕೆಲುಬು, ತೊಡೆಯೆಲುಬು ಒಂದೊಂದೇ ಎತ್ತಿ ಗೋಣಿಚೀಲಕ್ಕೆ ಇಳಿಸಿದ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ದಂಡೆ ಕುಸಿದು ಹಳ್ಳದ ಪಾಲಾಗಿತ್ತು.

ಕೊಟ್ಟಿಗೆಯ ಹಿಂದೆ ಹಂಡೆಯಲ್ಲಿ ಸುಣ್ಣದ ನೀರು ಕಾಯಿಸಿ ಎಲುಬು ಕುದಿಸಿದ. ಆ ವಾಸನೆ ಅವನ ಮೈಗೆ ಹತ್ತಿ, ಹುಲಿಗೆವ್ವ ತಟ್ಟಿಕೊಟ್ಟ ರೊಟ್ಟಿಯನ್ನು ಹಾಗೆಯೇ ಬಿಟ್ಟು ಎದ್ದ. ತಿಕ್ಕಿ ತೊಳೆದು ಬಿಸಿಲಿಗೆ ಹಾಕಿದ. ಮಾಸ್ತರರು ಪುಸ್ತಕ ಹಿಡಿದು, ದೂರ ನಿಂತು, ಬೆತ್ತದ ತುದಿಯಿಂದ ಒಂದೊಂದೇ ಎಲುಬು ಮುಟ್ಟಿ ನೋಡಿದರು. ಬಲ ಮುಂಗೈ ಇಲ್ಲ ಅಂದರು. ಸಾವಕಾರ ಕೇಳಿ ನಕ್ಕ. ಅರ್ಧ ಮನುಷ್ಯನನ್ನು ತಂದರೆ ಅರ್ಧ ಮಗಳು ಒಳಗೆ, ಅರ್ಧ ಮಗಳು ಹೊರಗೆ ಕೂಡಲಿ ಅಂದನಂತೆ. ಅಲ್ಲಿದ್ದವರೆಲ್ಲ ನಕ್ಕರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ಮನೆ ಅಂದಿಲ್ಲ ಹಿರಿಯರು.

ಅಂದಪ್ಪ ಮತ್ತೆ ಹಳ್ಳದ ದಂಡೆಗೆ ಹೋದ. ಹೊತ್ತು ಮುಳುಗುತ್ತಿತ್ತು. ಗುದ್ದಲಿ ಊರಿ ನಿಂತ. ಅಲ್ಲಿ ಮಲಗಿದವರೆಲ್ಲ ಕೇರಿಯವರು. ಒಬ್ಬ ದೊಡ್ಡಪ್ಪ, ಒಬ್ಬ ಗೆಣೆಯ, ಯಾರದೋ ಹಡೆದವ್ವ. ಯಾರ ಕೈ ಕದಿಯಬೇಕು? ಯಾರ ಮಕ್ಕಳ ಮುಖ ಆಮೇಲೆ ನೋಡಬೇಕು? ತನ್ನದು ಅಂತ ಅನ್ನಬಹುದಾದದ್ದು ಆ ಪಟ್ಟಿಯಲ್ಲಿ ಒಂದೇ ಇತ್ತು.

ದುರಗವ್ವನ ಕುಣಿಯ ಮುಂದೆ ಕೂತ. ಮಣ್ಣು ಕೆದರಿದ. ಬಲ ಮುಂಗೈ ಕೈಗೆ ಸಿಕ್ಕಾಗ ನೋಡದೆಯೇ ತಿಳಿಯಿತು. ಮುಂಗೈಯ ಎರಡು ಎಲುಬೂ ನಡುವೆ ಬೆಸೆದು ಒಂದಾಗಿ ಅಡಿಕೆಯಷ್ಟು ಗಂಟು ಎದ್ದಿತ್ತು. ಆ ಗಂಟು ಅವನೇ ಕಟ್ಟಿದ್ದು.

ಮುರಿದ ಕಥೆಯನ್ನೂ ಹೇಳಿಬಿಡುತ್ತೇನೆ. ನಲವತ್ತೇಳನೆಯ ಇಸವಿ, ಆಗಸ್ಟ್ ಹದಿನೈದು. ಚಾವಡಿಯ ಮುಂದೆ ಝಂಡಾ ಏರಿಸಿದರು. ಗದಗಿನಿಂದ ಬಂದ ಪುಢಾರಿಯೊಬ್ಬರು ಇವತ್ತಿನಿಂದ ಮೇಲು ಇಲ್ಲ, ಕೀಳು ಇಲ್ಲ, ಎಲ್ಲರೂ ಒಂದು ಅಂತ ಭಾಷಣ ಮಾಡಿದರು. ಊರವರೆಲ್ಲ ಚಪ್ಪಾಳೆ ತಟ್ಟಿದರು. ಭಾಷಣ ಅಂದರೆ ಭಾಷಣ ಅಂತ ಎಲ್ಲರಿಗೂ ಗೊತ್ತಿತ್ತು. ದುರಗವ್ವನಿಗೆ ಗೊತ್ತಿರಲಿಲ್ಲ. ಅವಳು ನಂಬಿಬಿಟ್ಟಳು. ಬುಂದೆಯ ತಾಟು ಕೇರಿಯವರ ಕಡೆ ಬಂದಾಗ ಉಳಿದ ಹೆಂಗಸರು ದೂರ ನಿಂತು ಸೆರಗು ಒಡ್ಡಿದರು. ಮೇಲಿನಿಂದ ಉದುರಿಸುವುದು ಪದ್ಧತಿ. ದುರಗವ್ವ ಹುಲಿಗೆವ್ವನನ್ನು ಟೊಂಕದ ಮೇಲೆ ಎತ್ತಿಕೊಂಡು ಮುಂದೆ ಬಂದು ಬಲಗೈ ಚಾಚಿದಳು. ಬೆರಳು ತಾಟಿನ ಅಂಚಿಗೆ ತಗಲಿತು. ತಾಟು ಹಿಡಿದವನು ಪುಂಡಲೀಕಪ್ಪ. ಅವನ ಇನ್ನೊಂದು ಕೈಯಲ್ಲಿ ಬಡಿಗೆ ಇತ್ತು. ಒಂದೇ ಏಟು.

ಬುಂದೆಯನ್ನು ನಾಯಿಗೆ ಸುರಿದರು. ದುರಗವ್ವನನ್ನು ಅಂದಪ್ಪ ಗುಡ್ಡದ ಹಾದಿ ಹಿಡಿದು ಶಿರಹಟ್ಟಿಗೆ ನಡೆಸಿಕೊಂಡು ಹೋದ. ಅಲ್ಲಿ ಎಲುಬು ಕಟ್ಟುವವನೊಬ್ಬನಿದ್ದ. ಅವನು ಇವರನ್ನು ಮುಟ್ಟಲಾರೆ ಅಂದ. ಪುಣ್ಯಾತ್ಮ, ಕಟ್ಟೆಯ ಮೇಲೆ ಕೂತು ಬಾಯಿಯಿಂದ ಹೇಳಿದ. ಹೀಗೆ ಎಳೆ, ಹೀಗೆ ಕೂಡಿಸು, ಬಿದಿರಿನ ಸೀಳು ಇಟ್ಟು ಕಟ್ಟು. ಕುಣಿ ತೋಡುವ ಕೈಯಿಂದ ಅಂದಪ್ಪ ಕಟ್ಟಿದ. ದುರಗವ್ವ ಸೆರಗು ಕಚ್ಚಿಕೊಂಡು ಕೂತಿದ್ದಳು. ಕೈ ಸೊಟ್ಟಗೆ ಕೂಡಿತು. ಆ ಸೊಟ್ಟ ಕೈಯಲ್ಲಿಯೇ ರೊಟ್ಟಿ ಬಡಿದಳು, ಕಳೆ ತೆಗೆದಳು, ಮಗಳನ್ನು ಮಲಗಿಸಿಕೊಂಡಳು. ಹುಲಿಗೆವ್ವ ದಿನಾಲು ಆ ಕೈಯ ಮೇಲೆ ತಲೆ ಇಟ್ಟೇ ಮಲಗುತ್ತಿದ್ದಳು. ಮೂರು ವರ್ಷಕ್ಕೆ ವಾಂತಿಭೇದಿ ಬಂದು ದುರಗವ್ವ ಹೋದಳು. ಅವಳ ಕುಣಿಯನ್ನೂ ಅವನೇ ತೋಡಿದ್ದ.

ಈಗ ಆ ಕೈ ಅವನ ಕೈಯಲ್ಲಿ. ಬದುಕಿದ್ದರೆ ಮಗಳ ಸಲುವಾಗಿ ಅವಳೇ ಕೊಡುತ್ತಿದ್ದಳು ಅಂತ ಮನಸ್ಸಿಗೆ ಹೇಳಿಕೊಂಡ. ನಮ್ಮಂಥವರು ಹೀಗೆಯೇ. ನಮ್ಮ ಹೊಟ್ಟೆ ನಾವೇ ಕೊಯ್ದುಕೊಂಡು ಅದಕ್ಕೊಂದು ಸಮಾಧಾನವನ್ನೂ ನಾವೇ ಹುಡುಕಬೇಕು. ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಎದ್ದ. ಹಾದಿಯುದ್ದಕ್ಕೂ ಅತ್ತ.

ಎಲುಬು ಜೋಡಿಸಿದವನು ಕಲಾಯಿ ಹಾಕುವ ಮರ್ದಾನಸಾಬ. ಊರಿನಲ್ಲಿ ತಾಮ್ರದ ತಂತಿಯ ಕೆಲಸ ಬರುತ್ತಿದ್ದದ್ದು ಅವನೊಬ್ಬನಿಗೇ. ಅದೇ ಕೊಟ್ಟಿಗೆಯಲ್ಲಿ ಇಬ್ಬರೂ ಕೂತು ತೂತು ಕೊರೆದು ತಂತಿ ಹಾಕಿದರು. ಬಲಗೈಯ ಸರದಿ ಬಂದಾಗ ಮರ್ದಾನಸಾಬ ಅದನ್ನು ತಿರುಗಿಸಿ ನೋಡಿದ. ಉಳಿದದ್ದಕ್ಕಿಂತ ಸಣ್ಣದು. ಅವನೂ ಝಂಡಾ ಏರಿಸಿದ ದಿನ ಚಾವಡಿಯ ಮುಂದೆ ಇದ್ದವನೇ. ಅಂದಪ್ಪನ ಮುಖ ನೋಡಿದ.

"ಇದಕ್ಕ ತೂತ ಹೊಡಿಯಂಗಿಲ್ಲ ನಾ," ಅಂದ. "ಅರಬಿ ಸುತ್ತಿ ಕಟ್ತೀನಿ."

ಗಂಟಿನ ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ತಂತಿ ಬಿಗಿದು, ಮೊಣಕೈಗೆ ಕೊಕ್ಕೆಯಿಂದ ಸಿಕ್ಕಿಸಿದ. ಎಲುಬು ಜೀರ್ಣವಾಗಿದೆ, ಬಿಚ್ಚಬೇಡಿ ಅಂತ ಮಾಸ್ತರರಿಗೆ ಹೇಳಿದರು. ಹೀಗೆ ಹುಲಿಗೆವ್ವ ಎಂಟನೆಯ ಇಯತ್ತೆಯ ಒಳಗೆ ಕೂತಳು.

ಒಳಗೆ ಅಂದರೆ ಮೂಲೆಯಲ್ಲಿ, ಅಸ್ಥಿಪಂಜರದ ಪಕ್ಕದಲ್ಲಿ. ಉಳಿದ ಹುಡುಗರು ಆ ಮೂಲೆಗೆ ಬರುತ್ತಿರಲಿಲ್ಲ. ಹೆಣದ ಎಲುಬು ಮುಟ್ಟಿದರೆ ಮನೆಯಲ್ಲಿ ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ. ಮಾಸ್ತರರೂ ಬೆತ್ತದಿಂದಲೇ ತೋರಿಸುತ್ತಿದ್ದರು. ಎತ್ತಿ ಹಿಡಿಯುವ ಕೆಲಸ ಹುಲಿಗೆವ್ವನಿಗೆ ಬಂತು. ತಲೆಬುರುಡೆ ಎತ್ತು. ತೊಡೆ ಎತ್ತು. ಮುಂಗೈ ತಿರುಗಿಸು. ಅವಳು ಎತ್ತುತ್ತಿದ್ದಳು, ತಿರುಗಿಸುತ್ತಿದ್ದಳು. ಬಟ್ಟೆ ಸುತ್ತಿದ ಆ ಮುಂಗೈ ಹಿಡಿದು ತಿಂಗಳುಗಟ್ಟಲೆ ಪಾಠ ಕಲಿತಳು. ಎಲುಬುಗಳ ಹೆಸರೆಲ್ಲ ಅವಳಿಗೆ ಬಾಯಿಪಾಠವಾಯಿತು. ಸಂಜೆ ಜೋಪಡಿಯಲ್ಲಿ ಅಪ್ಪನ ಬೆನ್ನ ಮೇಲೆ ಬೆರಳಾಡಿಸಿ ಇದು ಇಂಥದ್ದು, ಇದು ಇಂಥದ್ದು ಅಂತ ಹೇಳುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ. ಮುಂಗೈಗೆ ಬಂದಾಗ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದ.

ಒಂದು ದಿನ ಮಾಸ್ತರರು ಜೀವಕೋಶದ ಪಾಠ ಮಾಡಿದರು. ಅಂದಪ್ಪ ಆಗ ಶಾಲೆಯ ಅಂಗಳ ಗುಡಿಸುತ್ತಿದ್ದ. ಕಿಟಕಿಯ ಕೆಳಗೆ ಕಸಬರಿಗೆ ನಿಲ್ಲಿಸಿ ಕೇಳಿದ. ಗಿಡ ಇರಲಿ, ದನ ಇರಲಿ, ಮನುಷ್ಯ ಇರಲಿ, ಎಲ್ಲದರ ಮೈ ಸಣ್ಣ ಸಣ್ಣ ಜೀವಕೋಶಗಳಿಂದಲೇ ಆಗಿದೆ, ಬರಿಗಣ್ಣಿಗೆ ಕಾಣುವುದಿಲ್ಲ ಅಂತ ಮಾಸ್ತರರು ಹೇಳುತ್ತಿದ್ದರು. ತೋರಿಸಲು ಒಂದು ಉಳ್ಳಾಗಡ್ಡಿ ತರಿಸಿದರು. ಹುಲಿಗೆವ್ವನ ಕೈ ಸೂಕ್ಷ್ಮ, ಅವಳೇ ಒಳಗಿನ ತೆಳು ಪೊರೆ ಸುಲಿದುಕೊಟ್ಟಳು. ಎಲ್ಲ ಹುಡುಗರೂ ಸಾಲಾಗಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟು ನೋಡಿದರು. ಕೊನೆಗೆ ಅವಳು ಎದ್ದು ನಿಂತಳು. ಮಾಸ್ತರರು ತಲೆ ಕೆಳಗೆ ಹಾಕಿದರು. ಕಣ್ಣು ತಗಲುತ್ತದೆ, ನಾಳೆ ಬೇರೆ ಹುಡುಗರು ಅದಕ್ಕೆ ಕಣ್ಣು ಇಡುವುದಿಲ್ಲ, ಮನೆಯವರು ಜಗಳಕ್ಕೆ ಬರುತ್ತಾರೆ, ಮುಂದೆ ನೋಡೋಣ ಅಂದರು. ಹುಲಿಗೆವ್ವ ಕೂತಳು. ಆಮೇಲೆ ಒಬ್ಬ ಹುಡುಗಿಯನ್ನು ಏನು ಕಂಡಿತು ಅಂತ ಕೇಳಿದಳಂತೆ. ಸಾಲು ಮನೆ ಇದ್ದ ಹಾಗೆ ಕಾಣುತ್ತದೆ, ಗೋಡೆಗೆ ಗೋಡೆ ಹತ್ತಿ, ಒಂದೊಂದು ಮನೆಯಲ್ಲೂ ಒಂದೊಂದು ಚುಕ್ಕೆ ಅಂದಳಂತೆ ಆ ಹುಡುಗಿ. ಅವತ್ತು ಸಂಜೆ ಹುಲಿಗೆವ್ವ ಅದನ್ನೇ ಅಪ್ಪನಿಗೆ ಹೇಳಿದಳು. ತಾನೇ ನೋಡಿದವಳ ಹಾಗೆ ಹೇಳಿದಳು. ಅಂದಪ್ಪನಿಗೆ ಸಿಟ್ಟು ಬಂತು. ಆದರೆ ಬಡವನ ಕೋಪ ದವಡೆಗೆ ಮೂಲ. ಒಳಗೆ ಕೂತಿದ್ದಾಳಲ್ಲ, ಅಷ್ಟು ಸಾಕು ಅಂತ ನುಂಗಿಕೊಂಡ.

ನವೆಂಬರ್ ಒಂದು ಬಂತು. ಹಂದರದ ಕಂಬಗಳಿಗೆ ಕುಣಿ ತೋಡಿದವನು ಅಂದಪ್ಪನೇ. ಮಾವಿನ ತೋರಣ ಕಟ್ಟಿದರು. ಮುಂಬಯಿ ಸರಕಾರ ಹೋಯಿತು, ಕನ್ನಡಿಗರೆಲ್ಲ ಒಂದಾದರು, ಒಂದೇ ತಾಯಿಯ ಮಕ್ಕಳು ಅಂತ ಸಾವಕಾರ ಭಾಷಣ ಮಾಡಿದ. ಧಾರವಾಡದಿಂದ ಬಂದ ಶಿಕ್ಷಣ ಖಾತೆಯ ಸಾಹೇಬರು ರಿಬ್ಬನ್ ಕತ್ತರಿಸಿ ಜೀವಶಾಸ್ತ್ರದ ಕೋಣೆ ತೆರೆದರು. ಊರ ಪ್ರಮುಖರು ಒಳಗೆ ತುಂಬಿಕೊಂಡರು. ಅಂದಪ್ಪ ಕಿಟಕಿಯ ಹೊರಗೆ ನಿಂತ. ಮಗಳು ಒಗೆದ ಲಂಗ ಉಟ್ಟು ಅಸ್ಥಿಪಂಜರದ ಪಕ್ಕ ನಿಂತಿದ್ದಳು. ಸಾಹೇಬರು ಯಾವ ಎಲುಬು ಕೇಳಿದರೂ ತಡವರಿಸದೆ ಹೇಳಿದಳು. ಸಾಹೇಬರು ಭೇಷ್ ಅಂದರು. ಅಂದಪ್ಪನ ಎದೆ ಉಬ್ಬಿತು. ಅವನ ಬಾಳಿನಲ್ಲಿ ಅಂಥ ಗಳಿಗೆ ಅದೊಂದೇ.

ಆಮೇಲೆ ಸಾಹೇಬರು ಬಲಗೈ ತೋರಿಸಿ ಅದಕ್ಕೆ ಬಟ್ಟೆ ಯಾಕೆ ಅಂತ ಕೇಳಿದರು. ಎಲುಬು ಜೀರ್ಣವಾಗಿದೆ ಅಂತ ಕೇಳಿದ್ದು ಬಿಟ್ಟರೆ ಮಾಸ್ತರರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಿಚ್ಚು ಅಂತ ಹುಲಿಗೆವ್ವನಿಗೆ ಹೇಳಿದರು. ಅಂದಪ್ಪ ಬೇಡ ಅಂತ ಹೊರಗಿನಿಂದ ಕೈ ಎತ್ತಿದ. ಯಾರೂ ಅವನನ್ನು ನೋಡಲಿಲ್ಲ. ಹುಡುಗಿ ಕೊಕ್ಕೆಯಿಂದ ಮುಂಗೈ ತೆಗೆದು, ತಂತಿ ಸಡಿಲಿಸಿ, ಪಟ್ಟಿ ಬಿಚ್ಚಿದಳು.

ಮಾಸ್ತರರಿಗೆ ಖುಷಿಯೋ ಖುಷಿ.

"ನೋಡ್ರಿ ಸಾಹೇಬರ, ಇದು ಮುರದು ಕೂಡಿದ ಎಲುಬು. ಜೀವಂತ ಇದ್ದಾಗ ಎಲುಬು ತಾನ ತನ್ನ ರಿಪೇರಿ ಮಾಡಿಕೊಳ್ತದ ಅನ್ಲಿಕ್ಕೆ ಇದಕ್ಕಿಂತ ಛಲೋ ಉದಾಹರಣಿ ಸಿಗೂದಿಲ್ಲ. ಆದ್ರ ಯಾವನೋ ಹೆಡ್ಡ ಕಟ್ಟ್ಯಾನ, ಎರಡೂ ಎಲುಬು ಕೂಡೇ ಬಿಟ್ಟಾವ."

ಎಲ್ಲರೂ ನಕ್ಕರು. ಹೊರಗೆ ಹೆಡ್ಡ ನಿಂತಿದ್ದ.

ಹುಲಿಗೆವ್ವ ನಗಲಿಲ್ಲ. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಆ ಎಲುಬನ್ನು ಎತ್ತಿ ತನ್ನ ಕುತ್ತಿಗೆಯ ಹಿಂದೆ ಇಟ್ಟುಕೊಂಡು ತಲೆ ಒರಗಿಸಿದಳು. ಮಲಗುವಾಗ ಇಡುತ್ತಿದ್ದ ಹಾಗೆ. ಗಂಟು ಎಲ್ಲಿ ಒತ್ತುತ್ತಿತ್ತೋ ಅಲ್ಲಿಯೇ ಒತ್ತಿರಬೇಕು.

"ಇದು ನಮ್ಮವ್ವನ ಕೈ," ಅಂದಳು.

ಮಾಸ್ತರರು ಗಾಬರಿಯಾಗಿ, ಎಲುಬಿಗೆ ಹೆಸರು ಇರುವುದಿಲ್ಲ, ಕೆಳಗೆ ಇಡು ಅಂತ ಮೆಲ್ಲಗೆ ಹೇಳಿದರು.

"ಇಡಂಗಿಲ್ಲರಿ."

ಇನ್ನೊಮ್ಮೆ ಹೇಳಿದರು. ಅವಳು ಎಲುಬನ್ನು ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕಸಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಎಲುಬನ್ನೂ ಮುಟ್ಟಬಾರದು, ಅವಳನ್ನೂ ಮುಟ್ಟಬಾರದು. ಅಷ್ಟು ಜನ ಗಂಡಸರು ಹಾಗೆಯೇ ನಿಂತರು. ಸಾಹೇಬರ ಮುಂದೆ ಸಾವಕಾರನ ಮುಖ ಕಪ್ಪಿಟ್ಟಿತು. ಕಿಟಕಿಯಲ್ಲಿ ಅಂದಪ್ಪ ಕಂಡ. ಅವನನ್ನು ಬಾಗಿಲಿಗೆ ಕರೆಸಿದರು.

"ಮಗಳಿಗೆ ತಿಳಿಸಿ ಹೇಳಲೇ ಅಂದಪ್ಪಾ," ಅಂದ ಸಾವಕಾರ. "ಅದು ಪರದೇಶಿದು, ಹೌದಲ್ಲ? ಹೌದು ಅನ್ನು. ಆಕಿ ಕೈಯಾಗಿಂದು ಇಸಗೊಂಡು ಅಲ್ಲಿ ಸಿಗಸು. ನಾಳಿಂದ ಆಕಿ ಸಾ‌ಲಿಗೆ ಬರ್ತಾಳ. ಇಲ್ಲಾಂದ್ರ ಇವತ್ತಿಗೆ ಮುಗೀತು."

ಒಂದು ಹೌದು. ಜೀವಮಾನವೆಲ್ಲ ಅಂದಪ್ಪ ಅಂದದ್ದು ಅದೊಂದೇ ಮಾತು. ಇನ್ನೊಮ್ಮೆ ಅಂದರೆ ಮಗಳು ಮ್ಯಾಟ್ರಿಕ್ ಆಗಬಹುದು, ಗದಗಿನಲ್ಲಿ ನರ್ಸ್ ಆಗಬಹುದು, ಮಾಸ್ತರತಿ ಆಗಬಹುದು. ದುರಗವ್ವನಿಗೆ ಆ ಕೈಯಿಂದ ಇನ್ನೇನು ಆಗಬೇಕಿತ್ತು? ಹೌದು ಅನ್ನಲು ಅವನು ಬಾಯಿ ತೆರೆದ, ಸುಳ್ಳು ಯಾಕೆ ಹೇಳಲಿ.

"ಯಪ್ಪಾ, ನಿನಗ ಗೊತ್ತಿತ್ತೇನು?" ಅಂದಳು ಹುಲಿಗೆವ್ವ.

ಅವಳ ಮುಖ ನೋಡಿದ. ಹೌದು ಅನ್ನುವುದು ಈಗ ಎರಡು ಕಡೆಯೂ ಇತ್ತು. ಒಂದು ಹೌದು ಸಾವಕಾರನಿಗೆ, ಒಂದು ಹೌದು ಮಗಳಿಗೆ. ಎರಡನ್ನೂ ಒಟ್ಟಿಗೆ ಹೇಳಲು ಬರುತ್ತಿರಲಿಲ್ಲ. ಅಂದಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಆ ಶಾಲೆಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು. ಜನ ಮೈಲಿಗೆಗೆ ಹಿಂದೆ ಸರಿದು ಹಾದಿ ಬಿಟ್ಟರು. ಮಗಳ ಪಕ್ಕ ಹೋಗಿ ನಿಂತ.

"ಗೊತ್ತಿತ್ತವ್ವಾ," ಅಂದ. ಆಮೇಲೆ ಸಾವಕಾರನ ಕಡೆ ತಿರುಗಿದ. ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದೂ ಅದೇ ಮೊದಲು. "ಪರದೇಶಿದಲ್ರಿ. ನನ್ನ ಹೇಣ್ತಿದು. ಮುರದಾವ್ರು ನೀವು. ಕಟ್ಟಿದ ಹೆಡ್ಡ ನಾನು. ಸಿಗಸಂಗಿಲ್ಲ ನಾ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಇಂಥ ಶುಭದಿನ ಇದೆಲ್ಲ ಬೇಡ, ಆಮೇಲೆ ನೀವು ನೀವೇ ಬಗೆಹರಿಸಿಕೊಳ್ಳಿ ಅಂದರು. ಹೊರಗೆ ಹೋಗಿ ಚಹಾ ಕುಡಿದರು. ಹಂದರದಲ್ಲಿ ಮಕ್ಕಳು ನಾಡಗೀತೆ ಹಾಡಿದರು. ಕೋಣೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು.

ಅವತ್ತೇ ಆ ಮುಂಗೈಯನ್ನು ಹಳ್ಳದ ದಂಡೆಗೆ ಒಯ್ದು ಇಟ್ಟುಬಿಟ್ಟಿದ್ದರೆ ಅಷ್ಟಾದರೂ ಆಗುತ್ತಿತ್ತು. ಬಿಡಲಿಲ್ಲ. ಸಾಹೇಬರ ಬಂದೋಬಸ್ತಿಗೆ ಬಂದಿದ್ದ ಪೋಲೀಸರು ಶಾಲೆಯ ಗೇಟಿನಲ್ಲಿಯೇ ಹಿಡಿದರು. ಕಾಯ್ದೆ ಕಪ್ಪತಗುಡ್ಡ ದಾಟಿ ಬಂತು ನೋಡಿ, ಅವತ್ತು ಬಂತು! ಹೂಳಿದ ಹೆಣ ತೆಗೆಯುವುದು ಗುನ್ನೆಯಂತೆ. ಕೈ ಮುರಿದದ್ದು ಗುನ್ನೆ ಅಂತ ಒಂಬತ್ತು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪೋಲೀಸರು ಹುಲಿಗೆವ್ವನಿಗೇ ಹೇಳಿ ಎಲುಬನ್ನು ಬಟ್ಟೆಯಲ್ಲಿ ಕಟ್ಟಿಸಿ, ಸಾಕ್ಷಿಯ ಸಾಮಾನು ಅಂತ ಒಯ್ದರು.

ಕೋರ್ಟಿನಲ್ಲಿ ರಾಮಚಂದ್ರ ಮಾಸ್ತರರನ್ನು ಎಲುಬು ತಂದವನು ಯಾರು ಅಂತ ಕೇಳಿದರು. ಅಂದಪ್ಪ ಅಂದರು. ತರಲು ಹೇಳಿದವರು ಯಾರು ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. ಮರ್ದಾನಸಾಬ ತಾನಾಗಿ ಎದ್ದು ನಿಂತು ಹೇಳಲು ಹೋದ. ಸಮನ್ಸ್ ಇಲ್ಲದವನು ಮಾತಾಡಬಾರದು ಅಂತ ಹೊರಗೆ ದಬ್ಬಿದರು. ಅಂದಪ್ಪನಿಗೆ ಆರು ತಿಂಗಳು ಸಜೆಯಾಯಿತು. ಕೇರಿಯವರೂ ಮುಖ ತಿರುಗಿಸಿದರು. ಹೆಂಡತಿಯ ಕೈ ಕೊಟ್ಟವನು ನಮ್ಮವರದು ಏನೇನು ಕೊಟ್ಟಿದ್ದಾನೋ ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಬಿಡುಗಡೆಯಾದ ದಿನ ಅಂದಪ್ಪ ನೆಟ್ಟಗೆ ಕೋರ್ಟಿಗೆ ಹೋಗಿ ಆ ಮುಂಗೈ ಕೊಡಿರಿ, ಹೂಳಬೇಕು ಅಂತ ಕೇಳಿದ. ಕೇಸು ಮುಗಿದ ಮೇಲೆ ಬೇಡವಾದ ಸಾಮಾನು ಒಗೆದುಬಿಡುತ್ತೇವೆ ಅಂದ ಗುಮಾಸ್ತ. ಎಲ್ಲಿ ಒಗೆದಿರಿ ಅಂತ ಕೇಳಿದ. ನೆನಪಿಲ್ಲ ಅಂದ.

ಊರಿಗೆ ಬಂದರೆ ಹಳ್ಳದ ದಂಡೆಯ ಪಟ್ಟಿ ಇರಲಿಲ್ಲ. ಹೆಣ ಕದಿಯುತ್ತಾರೆ, ಕಾವಲು ಬೇಕು ಅಂತ ಹೇಳಿ ಸಾವಕಾರ ಅದಕ್ಕೆ ಮುಳ್ಳಿನ ಬೇಲಿ ಹಾಕಿಸಿದ್ದ. ಬೇಲಿ ತನ್ನ ಹೊಲದ ಬೇಲಿಗೇ ಕೂಡಿತ್ತು. ಮುಂಗಾರಿಗೆ ನೇಗಿಲು ಹೊಡೆಸಿ ಉಳ್ಳಾಗಡ್ಡಿ ಹಾಕಿದ್ದ. ಕೇರಿಯ ಹೆಣಗಳನ್ನು ಈಗ ಗುಡ್ಡದ ಬುಡಕ್ಕೆ, ಗುದ್ದಲಿ ಇಳಿಯದ ಕಲ್ಲಿನ ಜಾಗಕ್ಕೆ ಒಯ್ಯಬೇಕು.

ಮಳೆ ನಿಂತು ಉಳ್ಳಾಗಡ್ಡಿ ಕೀಳುವ ಹಂಗಾಮು ಬಂತು. ಬೇರೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಅಪ್ಪ ಮಗಳು ಸಾವಕಾರನ ಹೊಲಕ್ಕೇ ಕೂಲಿಗೆ ಹೋದರು. ಹೊಟ್ಟೆಗೆ ಮಾನ ಇಲ್ಲ. ಬೇರೆ ಹೆಂಗಸರು ಕಿತ್ತು ರಾಶಿ ಹಾಕುತ್ತ ಮುಂದೆ ಹೋದರು. ದಂಡೆಯ ಕಡೆಯ ಸಾಲು ಇವರಿಬ್ಬರ ಪಾಲಿಗೆ ಬಂತು. ದುರಗವ್ವ ಇದ್ದ ಜಾಗ ಎಲ್ಲಿ ಅಂತ ಅಂದಪ್ಪನಿಗೆ ಈಗಲೂ ಗೊತ್ತಿತ್ತು. ಕಿತ್ತ ಗಡ್ಡೆಗಳು ದಪ್ಪಗೆ, ಕೆಂಪಗೆ, ಛಲೋ ಬಂದಿದ್ದವು.

ಹುಲಿಗೆವ್ವ ಒಂದು ಗಡ್ಡೆ ಕಿತ್ತು, ಮಣ್ಣು ಝಾಡಿಸಿ, ಕುಡಗೋಲಿನಿಂದ ಎರಡು ಹೋಳು ಮಾಡಿದಳು. ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಮೆಲ್ಲಗೆ ಸುಲಿದಳು. ಎರಡು ಬೆರಳಲ್ಲಿ ಹಿಡಿದು ಸೂರ್ಯನಿಗೆ ಅಡ್ಡ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. ದೂರದಿಂದ ಸಾವಕಾರನ ಆಳು ಯಾಕೆ ನಿಂತಿರಿ ಅಂತ ಕೂಗಿದ.

"ಏನರ ಕಾಣತೈತೇನವ್ವಾ?" ಅಂತ ಕೇಳಿದ ಅಂದಪ್ಪ.

"ಇಲ್ಲಪ್ಪಾ," ಅಂದಳು. "ಬರಿಗಣ್ಣಿಗೆ ಕಾಣಂಗಿಲ್ಲ ಅಂತ ಮಾಸ್ತರ ಹೇಳಿದ್ದು ಖರೆ ಐತಿ."

ಪೊರೆಯನ್ನು ಸಾಲಿನಲ್ಲಿ ಬಿಟ್ಟು ಬಗ್ಗಿ ಮುಂದಿನ ಗಡ್ಡೆಗೆ ಕೈ ಹಾಕಿದಳು.